ಗಾಯವಿಲ್ಲದ ಬೇರಿಗೂ ಸೊರಗು ರೋಗ ತಗಲುತ್ತದೆ

ಬೇರಿಗೆ ಪೆಟ್ಟಾಗದಂತೆ ಟೊಮೆಟೊ ಸಸಿ ನೆಟ್ಟರೂ ಫ್ಯುಸೇರಿಯಂ ಸೊರಗು ರೋಗ ಹೇಗೆ ಬಂತು ಎಂದು ಕೇಳಿದ್ದೀರಿ. ಈ ಶಿಲೀಂಧ್ರಕ್ಕೆ ಗಾಯವೇ ಬೇಕೆಂದಿಲ್ಲ. ದಪ್ಪ ಗೋಡೆಯ ಅದರ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಸುಪ್ತವಾಗಿರುತ್ತವೆ. ಬೇರು ಒಸರುವ ಸಕ್ಕರೆ, ಅಮೈನೋ ಆಮ್ಲಗಳು ಸೋಕಿದೊಡನೆ ಮೊಳೆಯುತ್ತವೆ. ಬೇರಿನ ತುದಿಯಿಂದಲೋ, ಕವಲುಬೇರು ಒಡೆದು ಬರುವಾಗ ಉಂಟಾಗುವ ಬಿರುಕಿನಿಂದಲೋ ಅದರ ತಂತುಗಳು ಒಳನುಗ್ಗುತ್ತವೆ. ಬೇರುಗಂಟು ಹುಳುಗಳಿದ್ದರಂತೂ ದಾರಿ ಇನ್ನೂ ಸಲೀಸು.

ನೀರು ಸಾಗಿಸುವ ನಾಳ ಸೇರಿದ ಮೇಲೆ ಸಣ್ಣ ಬೀಜಕಗಳು ರಸದೊಂದಿಗೆ ಮೇಲೇರುತ್ತವೆ. ಅವನ್ನು ತಡೆಯಲೆಂದು ಗಿಡವೂ ಅಂಟು ತುಂಬಿ ತನ್ನದೇ ನಾಳ ಮುಚ್ಚಿಕೊಳ್ಳುತ್ತದೆ. ಮಣ್ಣು ಒದ್ದೆಯಿದ್ದರೂ ಎಲೆ ಬಾಡುವುದು ಹೀಗೆ. ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ: ತೊಗಟೆಯಡಿ ಕಂದು ಗೆರೆಯಿದ್ದರೆ ದಯವಿಟ್ಟು ಇನ್ನಷ್ಟು ನೀರು ಹಾಕಬೇಡಿ, ಗಿಡವನ್ನು ಬೇರುಸಹಿತ ಕಿತ್ತು ನಾಶಮಾಡಿ. ಮುಂದಿನ ಬೆಳೆಗೆ ರೋಗನಿರೋಧಕ ತಳಿಯನ್ನೇ ಆರಿಸಿ.