‘ಅಗೋ’ ಎಂದವರು ಎಲ್ಲಿ?

ಮಾನ್ಯರೇ,

ನಿಮ್ಮ ‘ಮೆಡಿಟರೇನಿಯನ್ ತೀರದಲ್ಲಿ ನಾವಿಬ್ಬರು: ಒಂದು ನಿಧಾನಯಾನ’ ಕೈಸೇರಿ ತಿಂಗಳಾಯಿತು. ಎರಡು ಸಲ ಓದಿದೆ. ಎರಡನೆಯ ಸಲ ನಕ್ಷೆಯನ್ನು ಪಕ್ಕದಲ್ಲಿ ಹರಡಿಕೊಂಡು ಓದಿದೆ. ನಾನು ಆ ಕಡೆ ಹೋದವನಲ್ಲ. ಹೋಗದವನನ್ನು ಕರೆದುಕೊಂಡು ಹೋಗುವುದು ತಾನೇ ಪ್ರವಾಸ ಕಥನದ ಕೆಲಸ? ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ. ಹಾಗೆಂದು ವಿಷಾದದ ಚೀಟಿ ಲಗತ್ತಿಸಿ ಹಿಂದಿರುಗಿಸಲೂ ಮನಸ್ಸು ಬರುತ್ತಿಲ್ಲ. ಅದಕ್ಕೆ ಕಾರಣ 17ನೇ ಪುಟದಲ್ಲಿದೆ, ಆಮೇಲೆ ಹೇಳುತ್ತೇನೆ.

ಮೊದಲು ಕತ್ತರಿ. ವೀಸಾ ಕಚೇರಿಯ ಸಾಲು, ವಿಮಾನದಲ್ಲಿ ಕೊಟ್ಟ ತಣ್ಣನೆಯ ಊಟ, ಸೂಟ್‌ಕೇಸಿನ ತೂಕ ಹೆಚ್ಚಾಗಿ ಉಪ್ಪಿನಕಾಯಿ ಹೊರತೆಗೆದದ್ದು: ಮೊದಲ ನಾಲ್ಕು ಪುಟ ಹೋಗಲಿ. ಉಪ್ಪಿನಕಾಯಿ ಬೇಕಾದರೆ ಇರಲಿ. ಇಟಲಿಯ ಜಿನೋವಾದಲ್ಲಿ ನೀವಿದ್ದದ್ದು ರೈಲು ಬದಲಿಸುವ ಎರಡು ಗಂಟೆ. ಆ ಊರಿನವನಾದ ಕೊಲಂಬಸನಿಗೆ ಕೊಟ್ಟದ್ದು ಒಂದೂವರೆ ಪುಟ. ಪ್ರಿನ್ಸಿಪೆ ನಿಲ್ದಾಣದ ಎದುರಿಗೇ ಅವನ ಪ್ರತಿಮೆ ಇದೆ. ಅದರ ಬುಡದಲ್ಲಿ ಬುತ್ತಿ ಬಿಚ್ಚಿದ್ದರೆ ಅವನಿಗೆ ಎರಡು ಸಾಲು ಧಾರಾಳವಾಗಿ ಸಲ್ಲುತ್ತಿತ್ತು. ನೀವು ಅದನ್ನು ಕಂಡ ಸುಳಿವೇ ಇಲ್ಲ.

ಇನ್ನು, ‘ನಿಧಾನ’ ಎಂಬ ಮಾತು. 19 ದಿನ, 12 ಊರು. ಕಾಲಿಗೆ ಅದು ನಿಧಾನವೇ ಇದ್ದೀತು, ಬರವಣಿಗೆ ಮಾತ್ರ ಓಡುತ್ತಿದೆ. ‘ಅಲ್ಲಿಂದ ಮುಂದೆ’ ಎಂದು ಹದಿನಾಲ್ಕು ಪ್ಯಾರಾ ಶುರುವಾಗುತ್ತವೆ, ‘ಬಣ್ಣಬಣ್ಣದ ಮನೆಗಳು’ ಒಂಬತ್ತು ಸಲ ಬರುತ್ತವೆ. ಊರಿನ ಹೆಸರು ಮುಚ್ಚಿಟ್ಟು ಓದಿದರೆ ಮೆಂಟನ್ ಯಾವುದು, ಸಾನ್ ರೆಮೊ ಯಾವುದು ಎಂದು ನಿಮಗೇ ಗುರುತು ಸಿಗಲಾರದು.

ಈಗ ಸ್ವಲ್ಪ ಕಟುವಾದ ಮಾತು. ಫ್ರಾನ್ಸಿನ ನೀಸ್ ನಗರದ ಸಂಜೆಯನ್ನು ನೀವು ಹೀಗೆ ಬರೆದಿದ್ದೀರಿ: ‘ಹೊಂಬಣ್ಣದ ಮರಳಿನ ಮೇಲೆ ಬರಿಗಾಲಲ್ಲಿ ನಡೆದೆವು. ಕೆಂಪು ಸೂರ್ಯ ಕಡಲಿನಲ್ಲಿ ಮುಳುಗಿದ. ಬೆಳಗ್ಗೆ ನೋಡಿದರೆ ಇಳಿತದಲ್ಲಿ ನೀರು ಬಹು ದೂರ ಸರಿದಿತ್ತು.’ ಮೂರು ವಾಕ್ಯ, ಮೂರೂ ತಪ್ಪು. ನೀಸ್‌ನ ತೀರದಲ್ಲಿರುವುದು ಮರಳಲ್ಲ, ಮುಷ್ಟಿಗಾತ್ರದ ನುಣುಪು ಕಲ್ಲುಗಳು. ಬರಿಗಾಲಲ್ಲಿ ನಡೆದವರು ಅದನ್ನು ಮರೆಯುವುದುಂಟೇ? ಆ ತೀರ ನೋಡುವುದು ದಕ್ಷಿಣಕ್ಕೆ. ನೀವು ಹೋದ ಮೇ ತಿಂಗಳ ಕೊನೆಯಲ್ಲಿ ಕಡಲಿಗೆ ಮುಖಮಾಡಿ ನಿಂತರೆ ಸೂರ್ಯ ಬಲಗಡೆ, ತುಸು ಬೆನ್ನಿನತ್ತ, ನೆಲದ ಮೇಲೆ ಇಳಿಯುತ್ತಾನೆ. ಇನ್ನು ಉಬ್ಬರವಿಳಿತ. ಮೆಡಿಟರೇನಿಯನ್‌ಗೆ ಅಟ್ಲಾಂಟಿಕ್‌ನ ಬಾಗಿಲು ಎಂದರೆ ಜಿಬ್ರಾಲ್ಟರಿನ ಸುಮಾರು 14 ಕಿಲೋಮೀಟರಿನ ಕಿಂಡಿ. ಸಾಗರದ ಉಬ್ಬರ ಅಷ್ಟರಲ್ಲಿ ನುಸುಳಿ ಒಳಗೆ ಬರುವುದು ಅತ್ಯಲ್ಪ. ಆ ದಂಡೆಯಲ್ಲಿ ನೀರು ಏರಿ ಇಳಿಯುವುದು ಒಂದಡಿಯ ಆಸುಪಾಸು. ನೀರು ದೂರ ಸರಿಯುವುದು, ಸೂರ್ಯ ನೇರವಾಗಿ ಅಲೆಗಳೊಳಗೆ ಇಳಿಯುವುದು, ಪಾದ ಹೂತುಹೋಗುವ ಮರಳು ಇವೆಲ್ಲ ನಮ್ಮ ಕಾರವಾರದಿಂದ ಉಳ್ಳಾಲದವರೆಗಿನ ಸಂಗತಿ. ನೀವು ಕರಾವಳಿಯಲ್ಲಿ ಹುಟ್ಟಿ ಬೆಳೆದವರೆಂದು ಪತ್ರದಲ್ಲಿ ಬರೆದಿದ್ದೀರಿ. ಅಲ್ಲಿ ಕುಳಿತು ನೀವು ನೋಡಿದ್ದು ಮನೆಯ ಕಡಲನ್ನು. ಅದು ಅಪರಾಧವಲ್ಲ, ಹಾಗೆಂದೇ ಬರೆದಿದ್ದರೆ ಸೊಗಸಾಗುತ್ತಿತ್ತು. ‘ಇದೆಂಥ ಕಡಲು, ಏರುವುದಿಲ್ಲ, ಇಳಿಯುವುದಿಲ್ಲ’ ಎಂದು ಕರಾವಳಿಯವರೊಬ್ಬರು ಗೊಣಗಿದರೆ ನಾನು ಎರಡು ಪುಟ ಕೊಡಲು ಸಿದ್ಧ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಇಟಲಿಯ ಕಡಲಂಚಿನ ಚಿಂಕ್ವೆ ತೆರ್ರೆಯ ಐದು ಊರುಗಳಲ್ಲಿ ರಿಯೊಮಜ್ಜೋರೆಯಿಂದ ಮನರೋಲಕ್ಕೆ ಹೋಗುವ ‘ಪ್ರೇಮದ ದಾರಿ’ಯಲ್ಲಿ ಕೈ ಕೈ ಹಿಡಿದು ತುದಿಯಿಂದ ತುದಿಗೆ ನಡೆದೆವು ಎಂದಿದ್ದೀರಿ. ನಿಮ್ಮ ಪ್ರವಾಸ 2018ರದು. ಆ ದಾರಿ 2012ರ ಸೆಪ್ಟೆಂಬರಿನಲ್ಲಿ ಬಂಡೆ ಉರುಳಿ ಪ್ರವಾಸಿಗರು ಗಾಯಗೊಂಡ ಮೇಲೆ ಮುಚ್ಚಿತು. ಮತ್ತೆ ಪೂರ್ತಿಯಾಗಿ ತೆರೆದದ್ದು 2024ರಲ್ಲಿ. ನೀವು ನಡೆದಿರಲು ಸಾಧ್ಯವಿಲ್ಲ. ಯಾವುದೋ ಕೈಪಿಡಿ ನಿಮ್ಮ ಪರವಾಗಿ ನಡೆದಿದೆ. ಓದುಗರಲ್ಲಿ ಒಬ್ಬರಿಗೆ ಇದು ತಿಳಿದರೂ ಉಳಿದ ಊರುಗಳನ್ನು ಅವರು ನಂಬುವುದಿಲ್ಲ. ಮದುವೆಯಾಗಿ 36 ವರ್ಷವಾದ ಗಂಡ ಹೆಂಡತಿ ಅಷ್ಟು ದೂರ ಹೋಗಿ ಪ್ರೇಮದ ದಾರಿಗೆ ಬೀಗ ಹಾಕಿರುವುದನ್ನು ಕಂಡರೆ ಏನು ಮಾತಾಡುತ್ತಾರೆ? ಬೀಗದ ಮುಂದೆ ನಿಂತ ನೆನಪೇನಾದರೂ ಇದ್ದರೆ ದಯವಿಟ್ಟು ಅದನ್ನು ಬರೆಯಿರಿ.

ತಲೆಬರಹದಲ್ಲಿ ‘ನಾವಿಬ್ಬರು’ ಎಂದಿದೆ. ಒಳಗೆ ಹುಡುಕಿದರೆ ಇರುವುದು ಒಬ್ಬರೇ, ನೀವು. ನಿಮ್ಮ ಮನೆಯವರು ‘ಶ್ರೀಮತಿ’ ಎಂಬ ಒಂದು ಪದವಾಗಿ ಸಾಮಾನಿನ ಜೊತೆ ಬರುತ್ತಾರೆ. ಬಾಯಿ ಬಿಡುವುದು 22 ಪುಟಗಳಲ್ಲಿ ಮೂರು ಸಲ. ಆ ಮೂರೂ ಕಡೆ ನನ್ನ ಪೆನ್ಸಿಲ್ ನಿಂತುಬಿಟ್ಟಿತು.

ಮೊದಲನೆಯದು ನೀಸ್‌ನ ಹಳೆಯ ಪೇಟೆಯಲ್ಲಿ. ‘ಸೊಕ್ಕಾ ಎಂಬ ಒಂದು ಬಗೆಯ ಫ್ರೆಂಚ್ ಪಿಜ್ಜಾ ತಿಂದೆವು’ ಎಂದು ನೀವು ಮುಗಿಸುತ್ತೀರಿ. ಅವರು, ‘ಇದು ನಮ್ಮ ಕಡಲೆ ಹಿಟ್ಟೇ, ಇಂಗು ಹಾಕಿಲ್ಲ ಅಷ್ಟೇ’ ಎನ್ನುತ್ತಾರೆ. ಸರಿಯಾಗಿ ಕಂಡವರು ಅವರು. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ, ಅಂಚು ಕರಿದಾದ ಮೇಲೆ ಕೆರೆದು ತೆಗೆದು ಮೆಣಸಿನ ಪುಡಿ ಉದುರಿಸುತ್ತಾರೆ. ಗಡಿ ದಾಟಿ ಜಿನೋವಾಕ್ಕೆ ಹೋದರೆ ಹೆಚ್ಚುಕಡಿಮೆ ಇದೇ ತಿಂಡಿಗೆ ‘ಫರಿನಾತಾ’ ಎಂದು ಹೆಸರು. ನೀಸ್ ಫ್ರಾನ್ಸಿಗೆ ಕಾಯಂ ಆಗಿ ಸೇರಿದ್ದೇ 1860ರಲ್ಲಿ. ರಾಜರು ಗಡಿ ಬದಲಿಸಿದರು, ಒಲೆ ಬದಲಾಗಲಿಲ್ಲ. ನಿಮ್ಮ ಇತಿಹಾಸದ ಪುಟಗಳಲ್ಲಿ ಇರಬೇಕಾಗಿದ್ದ ಮಾತಿನ ತುದಿ ಅವರ ನಾಲಿಗೆಗೆ ಸಿಕ್ಕಿತ್ತು.

ಅದೇ ಊರಿನಲ್ಲಿ ಮಧ್ಯಾಹ್ನ 12ಕ್ಕೆ ‘ಎಲ್ಲೋ ಗುಂಡಿನ ಸದ್ದಾಗಿ ಬೆಚ್ಚಿದೆವು’ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ಹೋಟೆಲಿನಲ್ಲಿ ಯಾರನ್ನಾದರೂ ಕೇಳಬಾರದಿತ್ತೇ? 1860ರ ದಶಕದಲ್ಲಿ ಅಲ್ಲಿ ಚಳಿಗಾಲ ಕಳೆಯುತ್ತಿದ್ದ ಸ್ಕಾಟ್ಲೆಂಡಿನ ಒಬ್ಬ ಸಾಹೇಬನ ಹೆಂಡತಿ ವಾಯುವಿಹಾರಕ್ಕೆ ಹೋದರೆ ಗೆಳತಿಯರೊಂದಿಗೆ ಹರಟುತ್ತಾ ಊಟದ ಹೊತ್ತಿಗೆ ಬರುತ್ತಿರಲಿಲ್ಲವಂತೆ. ಆತ ದಿನವೂ ನಡುಮಧ್ಯಾಹ್ನ ತೋಪು ಹಾರಿಸುವ ಏರ್ಪಾಡು ಮಾಡಿದನಂತೆ. ಊರವರು ಹೇಳುವ ಕಥೆ ಇದು; ಆ ಸದ್ದು ಇಂದಿಗೂ ನಿಂತಿಲ್ಲ. ದಂಪತಿಗಳ ಪ್ರವಾಸ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆಯನ್ನು ಯಾವ ಊರು ಕೊಟ್ಟೀತು?

ಎರಡನೆಯ ಸಲ ಅವರು ಮಾತಾಡುವುದು ಕಮೋಲಿಯಲ್ಲಿ: ‘ಆ ಕಿಟಕಿ ಸುಳ್ಳು ಕಣ್ರೀ’. ನೀವು ‘ಬಣ್ಣಬಣ್ಣದ ಮನೆಗಳು’ ಎಂದು ಏಳನೆಯ ಸಲ ಬರೆಯುತ್ತಿದ್ದಾಗ ಅವರು ಗೋಡೆಯ ಮೇಲೆ ಚಿತ್ರ ಬಿಡಿಸಿದ ಕಿಟಕಿಯನ್ನು ಪತ್ತೆಹಚ್ಚಿದ್ದರು. ಆ ಊರಿನ ಮನೆಗಳಲ್ಲಿ ಕಿಟಕಿ, ಬಾಗಿಲುವಾಡದ ಕೆತ್ತನೆ, ಕಲ್ಲಿನ ಅಂಚು ಎಷ್ಟೋ ಕಡೆ ಬರೀ ಬಣ್ಣದ್ದು, ನೆರಳೂ ಬಣ್ಣದ್ದೇ. ಒಂದು ಕಾಲಕ್ಕೆ ‘ಸಾವಿರ ಬಿಳಿ ಹಾಯಿಗಳ ಊರು’ ಎನಿಸಿಕೊಂಡಿದ್ದ ಕಮೋಲಿಯ ಹೆಸರಿಗೆ ‘ಹೆಂಡಂದಿರ ಮನೆ’ ಎಂಬ ಅರ್ಥವನ್ನೂ ಜನ ಹೇಳುತ್ತಾರೆ. ಗಂಡಸರು ಹಡಗಿನಲ್ಲಿ, ಊರು ಹೆಂಗಸರ ಕೈಯಲ್ಲಿ. ಯಾವುದು ನಿಜವಾದ ಕಿಟಕಿ ಎಂದು ಅವರು ಹೇಗೆ ಕಂಡುಹಿಡಿದರು? ಒಣಗಲು ಹಾಕಿದ ಬಟ್ಟೆಯಿಂದಲೇ? ಕೇಳಿ ಬರೆಯಿರಿ.

ಮೂರನೆಯದೇ 17ನೇ ಪುಟ. ಜಿನೋವಾದಿಂದ ಲಾ ಸ್ಪೇಜಿಯ ಕಡೆಗೆ ಹೋಗುವ, 1874ರಲ್ಲಿ ಪೂರ್ತಿಯಾದ ರೈಲು ದಾರಿ. ಬಂಡೆಗಳನ್ನು ಕೊರೆದ ಸುರಂಗದ ಹಿಂದೆ ಸುರಂಗ. ನೀವು ಬರೆಯುತ್ತೀರಿ: ‘ಕಡಲು ಕಂಡಾಗಲೆಲ್ಲ ಅವಳು ಅಗೋ ಎನ್ನುತ್ತಿದ್ದಳು. ನಾನು ತಿರುಗುವಷ್ಟರಲ್ಲಿ ಕತ್ತಲೆ.’ ಸ್ವಾಮಿ, ಇದನ್ನು ಬರೆದ ಕೈಯೇ ಕೊಲಂಬಸನ ಒಂದೂವರೆ ಪುಟವನ್ನೂ ಬರೆಯಿತೇ? ನಿಮ್ಮ ಲೇಖನ ಇಲ್ಲಿಂದ ಆರಂಭವಾಗಬೇಕು.

ಮುಂದಿನ ನಿಲುಗಡೆ ಕೊರ್ನಿಲ್ಯ. ಚಿಂಕ್ವೆ ತೆರ್ರೆಯ ಐದು ಊರುಗಳಲ್ಲಿ ನೀರಿನ ಅಂಚಿಗೆ ಇಳಿಯದೆ ಮೇಲೆಯೇ ಉಳಿದದ್ದು ಅದೊಂದೇ; ನಿಲ್ದಾಣ ಕೆಳಗೆ, ಊರು ಸುಮಾರು 380 ಮೆಟ್ಟಿಲು ಮೇಲೆ. ನೀವು ಬರೆದದ್ದು: ‘ಶ್ರೀಮತಿ ಅರ್ಧದಲ್ಲಿ ಕುಳಿತಳು. ನಾನು ಮೇಲೆ ಹೋಗಿ ಬಂದೆ.’ ನಂತರ ಮೇಲಿನ ನೋಟದ ವರ್ಣನೆ ಒಂದು ಪುಟ. ಆ ವರ್ಣನೆ ನನಗೆ ಬೇಡ. ಅವರು ಅಲ್ಲಿ ಎಷ್ಟು ಹೊತ್ತು ಕುಳಿತಿದ್ದರು? ಮಂಡಿನೋವೋ, ಮುನಿಸೋ? ನಿಲ್ದಾಣದಿಂದ ಊರಿಗೆ ಸಣ್ಣ ಬಸ್ಸು ಓಡಾಡುತ್ತದೆ, ಅದನ್ನೇಕೆ ಹತ್ತಲಿಲ್ಲ? ಹತ್ತುವವರು ಇಳಿಯುವವರು ಅವರನ್ನು ಮಾತಾಡಿಸಿದರೇ? ನೀವು ಕೆಳಗಿಳಿದು ಬಂದಾಗ ಅವರು ಹೇಳಿದ ಮೊದಲ ಮಾತೇನು? ಇದನ್ನೆಲ್ಲ ಅವರನ್ನೇ ಕೂರಿಸಿಕೊಂಡು ಕೇಳಿ. ಆ ಭಾಗವನ್ನು ಅವರೇ ಬರೆದರೆ ಇನ್ನೂ ಒಳ್ಳೆಯದು, ಇಬ್ಬರ ಹೆಸರಿನಲ್ಲಿ ಹಾಕೋಣ.

ಮೂರು ಊರು ಸಾಕು: ನೀಸ್, ಕಮೋಲಿ, ಕೊರ್ನಿಲ್ಯ. ಎಂಟು ಪುಟ ಮೀರಬಾರದು. ಫೋಟೋ 31 ಕಳುಹಿಸಿದ್ದೀರಿ, 30 ಹಿಂದಿರುಗಿಸುತ್ತಿದ್ದೇನೆ. ರೈಲಿನ ಕಿಟಕಿಗೆ ಹಣೆ ಒತ್ತಿ ಅವರು ಕುಳಿತಿರುವುದನ್ನು ಇಟ್ಟುಕೊಂಡಿದ್ದೇನೆ. ಹೊರಗೆ ಬರೀ ಕತ್ತಲೆ ಇದೆ, ಇರಲಿ. ಮುಂದಿನ ಎರಡು ಸಂಚಿಕೆ ತುಂಬಿವೆ, ಅವಸರ ಮಾಡಬೇಡಿ.

ಇಂತು,
ಸಂಪಾದಕ