ಎಎನ್‌ಬಿ 6 ಡಿಗ್ರಿ, ವಿಟ್ಸ್ 0: ಯಾವುದನ್ನು ನಂಬಬೇಕು?

ನಿಮ್ಮ ಹನ್ನೆರಡು ವರ್ಷದ ಮಗಳ ಸೆಫಲೋಗ್ರಾಂ (ತಲೆಯನ್ನು ಪಕ್ಕದಿಂದ ತೆಗೆದ ಎಕ್ಸ್‌ರೇ) ವರದಿಯಲ್ಲಿ, ದವಡೆಗಳು ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಇವೆ ಎಂದು ಹೇಳುವ ಎರಡು ಅಳತೆಗಳಾದ ಎಎನ್‌ಬಿ ಕೋನ 6 ಡಿಗ್ರಿ ಎಂದೂ ವಿಟ್ಸ್ ಅಳತೆ 0 ಮಿ.ಮೀ. ಎಂದೂ ಇದೆ. ಒಬ್ಬ ವೈದ್ಯರು ಕೆಳದವಡೆ ಹಿಂದೆ ಸರಿದಿದೆ ಎಂದರು, ಇನ್ನೊಬ್ಬರು ದವಡೆಗಳು ಸರಿಯಾಗಿಯೇ ಇವೆ ಎಂದರು; ತಪ್ಪು ಯಾರದು ಎಂದು ಕೇಳಿದ್ದೀರಿ. ಮುಂಬಯಿಯ ಮಾಟುಂಗದಲ್ಲಿ ಬಹುಕಾಲದಿಂದ ಹಲ್ಲಿಗೆ ಕ್ಲಿಪ್ ಹಾಕುವ ಕೆಲಸ ಮಾಡುತ್ತಿರುವ ನನಗೆ ಇಂತಹ ವರದಿ ಹೊಸದಲ್ಲ. ಇಬ್ಬರ ಅಳತೆಯೂ ಸರಿಯಿರಬಹುದು. ಒಬ್ಬರು ತಲೆಬುರುಡೆಯನ್ನು ಆಧಾರವಾಗಿಟ್ಟುಕೊಂಡಿದ್ದಾರೆ, ಇನ್ನೊಬ್ಬರು ಹಲ್ಲಿನ ಸಾಲನ್ನು.

ಮೂಗಿನ ಬುಡದಲ್ಲಿರುವ ನೇಸಿಯನ್ ಬಿಂದುವಿನಿಂದ ಮೇಲ್ದವಡೆಯ ಎ ಬಿಂದುವಿಗೂ ಕೆಳದವಡೆಯ ಬಿ ಬಿಂದುವಿಗೂ ಎಳೆದ ಗೆರೆಗಳ ನಡುವಿನ ಕೋನವೇ ಎಎನ್‌ಬಿ. ಎ, ಬಿ ಎಂದರೆ ಆಯಾ ದವಡೆಯ ಮುಂಭಾಗದ ಮೂಳೆಯ ಒಳಬಾಗಿನ ಬಿಂದುಗಳು; ಕೋನ ಹೆಚ್ಚಿದಷ್ಟೂ ಕೆಳದವಡೆ ಹಿಂದಿದೆ ಎಂದು ಓದುತ್ತಾರೆ. ದಂತವೈದ್ಯ ಸ್ಟೈನರ್ 1953ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಇದರ ಸಾಮಾನ್ಯ ಮೌಲ್ಯ 2 ಡಿಗ್ರಿ. ಇದರ ದೌರ್ಬಲ್ಯ ನೇಸಿಯನ್ನಿನಲ್ಲಿಯೇ ಇದೆ: ಆ ಬಿಂದು ಐದು ಮಿ.ಮೀ. ಹಿಂದಿದ್ದರೆ, ದವಡೆಗಳು ಕದಲದಿದ್ದರೂ ಕೋನ ಸುಮಾರು 2 ಡಿಗ್ರಿ ಹೆಚ್ಚುತ್ತದೆ. ಎರಡೂ ದವಡೆಗಳು ಒಟ್ಟಾಗಿ ಕೆಳಗೂ ಹಿಂದಕ್ಕೂ ತಿರುಗಿದ್ದರೂ ಹಾಗೆಯೇ ಆಗುತ್ತದೆ.

ಈ ತೊಂದರೆಯನ್ನು ತಪ್ಪಿಸಲೆಂದೇ ಜೋಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದ ಜೇಕಬ್‌ಸನ್ 1975ರಲ್ಲಿ ವಿಟ್ಸ್ ಅಳತೆಯನ್ನು ಮುಂದಿಟ್ಟರು. ಇಲ್ಲಿ ಎ ಮತ್ತು ಬಿ ಬಿಂದುಗಳಿಂದ ಹಲ್ಲುಗಳು ಕಚ್ಚುವ ಗೆರೆಗೆ ಲಂಬ ಇಳಿಸಿ, ಅವು ಸೇರುವ ಜಾಗಗಳ ನಡುವಿನ ಅಂತರವನ್ನು ನೋಡುತ್ತಾರೆ; ಬಿ ಬಿಂದುವಿನದು ಮುಂದಿದ್ದರೆ ಅಂಕಿ ಋಣ. ಹೆಂಗಸರಲ್ಲಿ ಅದು ಸುಮಾರು 0, ಗಂಡಸರಲ್ಲಿ ಸುಮಾರು -1 ಮಿ.ಮೀ. ನೇಸಿಯನ್ನಿನ ಗೊಡವೆ ತಪ್ಪಿತು ನಿಜ, ಆದರೆ ಈಗ ಆ ಕಚ್ಚುವ ಗೆರೆಯ, ಅಂದರೆ ಕಚ್ಚುಗೆರೆಯ, ಗೊಡವೆ ಬಂತು. ಎ ಮತ್ತು ಬಿ ಬಿಂದುಗಳ ನಡುವೆ 45 ಮಿ.ಮೀ. ಇದೆಯೆಂದುಕೊಳ್ಳಿ, ಕಚ್ಚುಗೆರೆ ಒಂದು ಡಿಗ್ರಿ ವಾಲಿದರೆ ವಿಟ್ಸ್ ಸುಮಾರು 0.8 ಮಿ.ಮೀ. ಬದಲಾಗುತ್ತದೆ. ಗೆರೆಯ ಮುಂಭಾಗ ಕೆಳಗಿಳಿದಷ್ಟೂ ಬಿ ಬಿಂದು ಮುಂದಿದ್ದಂತೆ ಕಾಣುತ್ತದೆ. ಅದರಲ್ಲೂ ಹಾಲುಹಲ್ಲು ಇನ್ನೂ ಬೀಳುತ್ತಿರುವ, ದವಡೆ ಹಲ್ಲುಗಳು ಅರ್ಧ ಮೂಡಿರುವ ವಯಸ್ಸಿನಲ್ಲಿ ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಪ್ರಶ್ನೆ. ಒಂದೇ ಫಿಲ್ಮಿನ ಮೇಲೆ ನಾನು ಬೆಳಿಗ್ಗೆ ಎಳೆದ ಗೆರೆಗೂ ಸಂಜೆ ಎಳೆದ ಗೆರೆಗೂ ಎರಡು ಡಿಗ್ರಿ ವ್ಯತ್ಯಾಸ ಬಂದದ್ದುಂಟು.

ಈಗ ನೀವು ಬರೆದಿರುವ ಉಳಿದೆರಡು ಅಂಕಿಗಳನ್ನು ನೋಡಿ. ತಲೆಬುರುಡೆಯ ತಳದ ನಡುವಿನ ಸೆಲ್ಲಾ ಬಿಂದುವಿನಿಂದ ನೇಸಿಯನ್ನಿಗೆ ಎಳೆದ ಸೆಲ್ಲಾ–ನೇಸಿಯನ್ ಗೆರೆಗೆ ಕಚ್ಚುಗೆರೆಯ ಓರೆ 22 ಡಿಗ್ರಿ, ಕೆಳದವಡೆಯ ಅಂಚಿನ ಓರೆ 40 ಡಿಗ್ರಿ ಇದೆ. ಸ್ಟೈನರ್ ಪ್ರಕಾರ ಇವು ಕ್ರಮವಾಗಿ 14 ಮತ್ತು 32 ಇರಬೇಕು. ಸೆಲ್ಲಾ–ನೇಸಿಯನ್ ಗೆರೆಯೇ ಓರೆಯಾಗಿಲ್ಲದಿದ್ದರೆ, ನಿಮ್ಮ ಮಗಳ ಮುಖ ಉದ್ದಕ್ಕೆ ಬೆಳೆಯುತ್ತಿದೆ ಎಂದರ್ಥ. ಇಂತಹ ಮಕ್ಕಳಲ್ಲಿ ದವಡೆಗಳ ತಿರುವು ಎಎನ್‌ಬಿಯನ್ನು ಹಿಗ್ಗಿಸುತ್ತದೆ, ಇಳಿಜಾರಾದ ಕಚ್ಚುಗೆರೆ ವಿಟ್ಸನ್ನು ಕುಗ್ಗಿಸುತ್ತದೆ. ಆದ್ದರಿಂದ 6 ಎಂಬುದು ನಿಜಕ್ಕಿಂತ ಹೆಚ್ಚು, 0 ಎಂಬುದು ನಿಜಕ್ಕಿಂತ ಕಡಿಮೆ ಎಂದು ನನಗನ್ನಿಸುತ್ತದೆ. ಕೆಳದವಡೆ ಸ್ವಲ್ಪ ಹಿಂದಿರುವ ಸಾಧ್ಯತೆಯೇ ಹೆಚ್ಚು.

ಮೂರನೆಯ ಸಾಕ್ಷಿಯಾಗಿ ಬೀಟಾ ಕೋನವನ್ನು ಅಳೆಯಲು ಹೇಳಿ. 2004ರಲ್ಲಿ ಬಂದ ಈ ಅಳತೆಗೆ ನೇಸಿಯನ್ನೂ ಬೇಡ, ಕಚ್ಚುಗೆರೆಯೂ ಬೇಡ. ಎ, ಬಿ ಬಿಂದುಗಳ ಜೊತೆಗೆ ಕೆಳದವಡೆಯ ಕೀಲಿನ ತುದಿಯ ನಡುಬಿಂದು ಬೇಕು. 27ರಿಂದ 35 ಡಿಗ್ರಿ ಸಾಮಾನ್ಯ, ಅದಕ್ಕಿಂತ ಕಡಿಮೆಯಿದ್ದರೆ ಕೆಳದವಡೆ ಮೇಲ್ದವಡೆಗಿಂತ ಹಿಂದಿದೆ ಎಂದು ಓದುತ್ತಾರೆ. ಆದರೆ ಎಕ್ಸ್‌ರೇಯಲ್ಲಿ ಕೀಲಿನ ಸುತ್ತಲಿನ ಮೂಳೆಗಳು ಒಂದರ ಮೇಲೊಂದು ಬಿದ್ದು ಆ ತುದಿ ಮಸುಕಾಗಿರುತ್ತದೆ. ನಮ್ಮ ಮಂಗಳೂರಿನ ಯೆನೆಪೋಯ ದಂತ ಕಾಲೇಜಿನಿಂದ 2009ರಲ್ಲಿ ಬಂದ, ಅದೇ ಹೆಸರಿನ ಯೆನ್ ಕೋನವೂ ಇದೆ. 117ರಿಂದ 123 ಡಿಗ್ರಿ ಅದರ ಸಾಮಾನ್ಯ ವ್ಯಾಪ್ತಿ. ಅದು ಎ, ಬಿ ಬಿಂದುಗಳನ್ನೇ ಬಿಟ್ಟುಬಿಡುತ್ತದೆಯಾದರೂ ದವಡೆ ತಿರುಗಿದವರಲ್ಲಿ ಅದನ್ನೊಂದನ್ನೇ ನಾನು ನೆಚ್ಚಿಕೊಳ್ಳುವುದಿಲ್ಲ.

ಮುಂದಿನ ಭೇಟಿಯಲ್ಲಿ ಕಚ್ಚುಗೆರೆಯನ್ನು ಯಾವ ಹಲ್ಲುಗಳ ಮೇಲೆ ಎಳೆದರೆಂದು ಕೇಳಿ. ಅದೇ ಫಿಲ್ಮಿನಲ್ಲಿ ಕಾಣುವ ಕುತ್ತಿಗೆಯ ಮೂಳೆಗಳ ಆಕಾರದಿಂದ ಬೆಳವಣಿಗೆ ಇನ್ನೆಷ್ಟು ಉಳಿದಿದೆ ಎಂಬುದನ್ನೂ ಅಂದಾಜಿಸಲು ಹೇಳಿ, ಏಕೆಂದರೆ ಕೆಳದವಡೆಯನ್ನು ಮುಂದೆ ತರುವ ಸಾಧನ ಹಾಕುವುದಿದ್ದರೆ ಅದು ಬೆಳೆಯುವ ವಯಸ್ಸಿನಲ್ಲಿಯೇ ಆಗಬೇಕು.