ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಹಾಕಬಹುದಾ?

ಖಂಡಿತ ಹಾಕಬಹುದು. ಮಗಳ ಕಾಲೇಜಿಗೆಂದು ವಿಂಡೋಸ್ 11 ಲ್ಯಾಪ್‌ಟಾಪ್ ತಂದಿದ್ದೀರಿ, ಅದರ ಪಕ್ಕದಲ್ಲೇ ಲಿನಕ್ಸ್ (ವಿಂಡೋಸ್ ತರಹದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಬೇಕು, ಇರೋದೇನೂ ಅಳಿಸಿಹೋಗಬಾರದು, ಕನ್ನಡ ಟೈಪಿಂಗೂ ಆಗಬೇಕು ಅಂದಿದ್ದೀರಿ. ಎಲ್ಲವೂ ಆಗುತ್ತದೆ. ಲಿನಕ್ಸ್ ಹಾಕೋದು ಈಗ ಕಷ್ಟವೇನಲ್ಲ. ಅದಕ್ಕೆ ಮುಂಚೆ ವಿಂಡೋಸ್ ಒಳಗೆ ಮಾಡಿಕೊಳ್ಳಬೇಕಾದ ಕೆಲಸದ ಕಡೆ ಜಾಸ್ತಿ ಗಮನ ಕೊಡಿ. ಜನ ಎಡವುವುದು ಅಲ್ಲೇ.

ಎಲ್ಲಕ್ಕಿಂತ ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ, ನೋಡಿಕೊಳ್ಳಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿಬಿಡುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಆಗುತ್ತದೆ. ಆಮೇಲೆ ಬಯಾಸ್‌ನಲ್ಲಿ (ವಿಂಡೋಸಿಗೂ ಮುಂಚೆ ಓಡುವ, ಲ್ಯಾಪ್‌ಟಾಪಿನದೇ ಸೆಟ್ಟಿಂಗ್ಸ್) ಏನಾದರೂ ಬದಲಾದರೆ, ವಿಂಡೋಸ್ ತೆರೆಯುವಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿರುವುದನ್ನು ರಿಪೇರಿ ಅಂಗಡಿಯವರೂ ತೆಗೆದುಕೊಡಲಾರರು. ಸಾಮಾನ್ಯವಾಗಿ ಆ ಕೀ ಮಗಳ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಇರುತ್ತದೆ. ಇವತ್ತೇ ನೋಡಿ, ಹಾಳೆಯಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿದರೆ ಪ್ರಯೋಜನವಿಲ್ಲ ಅಲ್ವಾ?

ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಬಯಾಸ್ ಸೆಟ್ಟಿಂಗ್) ಆಫ್ ಮಾಡಿ ಅಂತ ಹಳೆಯ ವಿಡಿಯೋಗಳಲ್ಲಿ ಹೇಳುತ್ತಾರೆ. ಬೇಡ. ಲಿನಕ್ಸಿನಲ್ಲಿ ಹಲವು ಬಗೆಗಳಿವೆ; ಅವುಗಳಲ್ಲಿ ಡೆಬಿಯನ್, ಉಬುಂಟು, ಫೆಡೋರಾ ಮೂರೂ ಅದು ಆನ್ ಇದ್ದಾಗಲೇ ಬೂಟ್ ಆಗುತ್ತವೆ. ಸುಮ್ನೆ ಅದನ್ನು ಮುಟ್ಟಿದರೆ ಆ ನೀಲಿ ಪರದೆಯನ್ನು ಕೈಯಾರೆ ಕರೆದ ಹಾಗೆ.

ಆಮೇಲೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ. ಅದರ ಡ್ರೈವ್ ಮೇಲೆ ಲಿನಕ್ಸಿನಿಂದ ಬರೆಯಲು ಹೋದರೆ ತಕರಾರು ಶುರು. ಜಾಗವನ್ನೂ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಶ್ರಿಂಕ್ ಮಾಡಿ (ವಿಂಡೋಸ್ ಭಾಗವನ್ನು ಕುಗ್ಗಿಸಿ) ಬಿಡಿಸಿಕೊಳ್ಳಿ. 512 ಜಿಬಿ ಡಿಸ್ಕ್ ಇದ್ದರೆ 100 ಜಿಬಿ ಧಾರಾಳ ಸಾಕು. ಹೀಗೆ ಬಿಡಿಸಿದ ಜಾಗ ಖಾಲಿಯಾಗಿಯೇ ಇರಲಿ, ಫಾರ್ಮ್ಯಾಟ್ ಮಾಡಬೇಡಿ.

ಯಾವುದು ಹಾಕೋದು? ಹೊಸ ಯಂತ್ರಕ್ಕೆ ಹೊಸ ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸಿನ ತಿರುಳು) ಒಳ್ಳೆಯದು. ನನ್ನ ಆಯ್ಕೆ ಡೆಬಿಯನ್ 13. 2025ರ ಆಗಸ್ಟ್‌ನಲ್ಲಿ ಬಂತು, 6.12 ಕರ್ನಲ್ ಇದೆ. ಮೊದಲೆಲ್ಲ ವೈಫೈ ಫರ್ಮ್‌ವೇರ್ (ವೈಫೈ ಚಿಪ್ ಓಡಲು ಬೇಕಾದ ಸಾಫ್ಟ್‌ವೇರ್) ಬೇರೆಯಾಗಿ ಹುಡುಕಬೇಕಿತ್ತು. 2023ರ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್ ಜೊತೆಗೇ ಬರುತ್ತಿದೆ. ಲಿನಕ್ಸಿನಂಥದ್ದೇ ಬೇರೊಂದು ಉಚಿತ ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿ ಬಗ್ಗೆಯೂ ಕೇಳಿದ್ದೀರಿ. ಕಲಿಯಲು ಬಹಳ ಚೆನ್ನಾಗಿದೆ, ಆದರೆ ಹೊಸ ಲ್ಯಾಪ್‌ಟಾಪಿನ ವೈಫೈ ವಿಷಯದಲ್ಲಿ ಲಿನಕ್ಸಿಗಿಂತ ಹಿಂದಿದೆ. ಸದ್ಯಕ್ಕೆ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನ ಒಳಗೇ ಓಡುವ ಅಣಕು ಕಂಪ್ಯೂಟರ್) ಹಾಕಿಕೊಡಿ.

ಪೆನ್‌ಡ್ರೈವ್‌ಗೆ ಡೆಬಿಯನ್ನಿನ ಲೈವ್ ಇಮೇಜ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಪ್ರತಿ) ಬರೆದು, ಅದರಿಂದಲೇ ಬೂಟ್ ಮಾಡಿ ಒಂದು ಸಂಜೆ ಬಳಸಿ ನೋಡಿ. ಡೆಲ್, ಲೆನೊವೊಗಳಲ್ಲಿ ಬೂಟ್ ಮೆನುಗೆ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ವೈಫೈ, ಸ್ಪೀಕರ್, ಕ್ಯಾಮೆರಾ, ಟಚ್‌ಪ್ಯಾಡ್ ಎಲ್ಲ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆರೆದು ಎಚ್ಚರವಾಗುತ್ತದಾ ಅಂತಲೂ ನೋಡಿ. ಇಷ್ಟೂ ಹೊತ್ತು ಡಿಸ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ. ವೈಫೈ ಸಿಗದಿದ್ದರೆ ಫೋನಿನಿಂದ ಯುಎಸ್‌ಬಿ ಟೆದರಿಂಗ್ ಕೊಡಿ.

ಇನ್‌ಸ್ಟಾಲ್ ಮಾಡುವಾಗ 'ಇಡೀ ಡಿಸ್ಕ್ ಅಳಿಸು' ಅನ್ನುವ ಆಯ್ಕೆಯ ಹತ್ತಿರಕ್ಕೂ ಹೋಗಬೇಡಿ. ಖಾಲಿ ಜಾಗವನ್ನೇ ತೋರಿಸಿ. ಇಎಫ್‌ಐ ಅನ್ನುವ ಪುಟ್ಟ ಪಾರ್ಟಿಷನ್ನನ್ನು (ಡಿಸ್ಕಿನ ಭಾಗವನ್ನು) ಹಾಗೇ ಬಳಸಿ, ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ ಬೂಟ್ ಫೈಲುಗಳಿರುವುದು ಅಲ್ಲೇ. ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನುವ ಡಿಸ್ಕ್ ಸೆಟ್ಟಿಂಗ್ ಆನ್ ಇರಬಹುದು. ಅದನ್ನು ದಿಢೀರನೆ ಎಎಚ್‌ಸಿಐ ಅನ್ನುವ ಸಾಮಾನ್ಯ ಸೆಟ್ಟಿಂಗ್‌ಗೆ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಿಟ್ಟು ಆಮೇಲೆ ಬದಲಿಸಿ. ಇದೂ ಬಯಾಸ್ ಬದಲಾವಣೆಯೇ, ರಿಕವರಿ ಕೀ ಕೈಯಲ್ಲಿರಲಿ.

ಎಲ್ಲ ಆದಮೇಲೆ ವಿಂಡೋಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿದ್ದರೆ ಗಾಬರಿ ಬೇಡ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಅನ್ನುವ ಅಂತಾರಾಷ್ಟ್ರೀಯ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಇಡು ಎಂದು ಲಿನಕ್ಸಿಗೆ ಹೇಳಿದರೆ ಸರಿಹೋಗುತ್ತದೆ.

ಕನ್ನಡಕ್ಕೆ ಲಿನಕ್ಸಿನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಗಪ ಅನ್ನುವ ಕೀಲಿ ವಿನ್ಯಾಸ ಸೇರಿಸಿಕೊಳ್ಳಿ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದವರಿಗೆ ಕೈ ತಾನಾಗಿ ಓಡುತ್ತದೆ: ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ಎಫ್. ಗ್ನೋಮ್‌ನಲ್ಲಿ (ಲಿನಕ್ಸಿನ ಒಂದು ಡೆಸ್ಕ್‌ಟಾಪ್ ಪರದೆ) ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಇಂಗ್ಲಿಷ್ ಬದಲಾಗುತ್ತವೆ. ಅಕ್ಷರದ ಬದಲು ಚೌಕಗಳು ಕಂಡರೆ ಡೆಬಿಯನ್ನಿನ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿ. ಲೋಹಿತ್ ಜೊತೆಗೆ ಗುಬ್ಬಿ, ನವಿಲು ಫಾಂಟುಗಳೂ ಬರುತ್ತವೆ. ಲ್ಯಾಪ್‌ಟಾಪಿನ ಮಾಡೆಲ್ ತಿಳಿಸಿದರೆ ವೈಫೈ ಚಿಪ್ ಯಾವುದೆಂದು ನೋಡಿ ಹೇಳುತ್ತೇನೆ.